ನಡಿಗೆ ಕುಣಿತವಾಗುವ ಗಳಿಗೆ: ‘ಸಿಂಗಿನ್ ಇನ್ ದ ರೇನ್’ ಚಿತ್ರದ ನೃತ್ಯ ಸಂಯೋಜನೆ

1952ರಲ್ಲಿ ತೆರೆಕಂಡ ಅಮೆರಿಕದ ಚಿತ್ರವೊಂದರ ಸುಮಾರು ನಾಲ್ಕು ನಿಮಿಷಗಳ ತುಣುಕು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಸೂಟು ತೊಟ್ಟು ಹ್ಯಾಟು ಹಾಕಿದ ಒಬ್ಬ ಮನುಷ್ಯ ಜೋರು ಮಳೆಯಲ್ಲಿ ಕೊಡೆ ಮಡಚಿ, ದೀಪದ ಕಂಬ ಹತ್ತಿ ನೇತಾಡುತ್ತಾನೆ, ಬೀದಿಯ ಅಂಚಿನ ನೀರನ್ನು ಕಾಲಿನಿಂದ ಚಿಮ್ಮಿಸುತ್ತಾ ಹಾಡುತ್ತಾನೆ. ಮೂಲ ಚಿತ್ರವನ್ನು ನೋಡಿರದ, ಅದರ ಹೆಸರನ್ನೂ ಕೇಳಿರದ ಅನೇಕರು ಈ ತುಣುಕನ್ನು ಮೆಚ್ಚಿ ಮತ್ತೊಬ್ಬರಿಗೆ ಕಳಿಸುತ್ತಾರೆ. ಹೆಜ್ಜೆಗಳ ಕಷ್ಟವನ್ನಷ್ಟೇ ಲೆಕ್ಕ ಹಾಕಿದರೆ ಇಂದಿನ ಕಿರುವಿಡಿಯೊಗಳಲ್ಲಿ ಕುಣಿಯುವ ಹುಡುಗ ಹುಡುಗಿಯರು ಇದಕ್ಕಿಂತ ಕಠಿಣವಾದುದನ್ನು ಮಾಡಬಲ್ಲರು. ಹಾಗಿದ್ದರೂ ಎಪ್ಪತ್ತು ವರ್ಷ ದಾಟಿದ ಈ ಕುಣಿತ ಏಕೆ ಹಳತಾಗಿಲ್ಲ ಎಂಬುದನ್ನು ತಿಳಿಯಲು, ಅದನ್ನು ಕಟ್ಟಿದ ಬಗೆಯನ್ನು ಬುಡದಿಂದ ನೋಡಬೇಕಾಗುತ್ತದೆ.

ಚಿತ್ರದ ಕಥೆ ಮತ್ತು ಅದರ ಹಾಡುಗಳು

‘ಸಿಂಗಿನ್ ಇನ್ ದ ರೇನ್’ ಹಾಲಿವುಡ್‌ನ ಎಂಜಿಎಂ ಸಂಸ್ಥೆಯ ಚಿತ್ರ. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನನ್ ಇದನ್ನು ಒಟ್ಟಾಗಿ ನಿರ್ದೇಶಿಸಿದರು. ಕೆಲ್ಲಿ ನಾಯಕ ನಟನೂ ಹೌದು. ಸಂಗೀತ, ನೃತ್ಯ ಮತ್ತು ಹಾಸ್ಯ ಮೂರೂ ಸೇರಿ ಕಥೆಯನ್ನು ಮುಂದಕ್ಕೆ ಒಯ್ಯುವ ಇಂಥ ಚಿತ್ರಗಳನ್ನು ಮ್ಯೂಸಿಕಲ್ ಕಾಮಿಡಿ ಎನ್ನುತ್ತಾರೆ. ನೃತ್ಯ ಸಂಯೋಜನೆ ಎಂದರೆ ಹೆಜ್ಜೆಗಳನ್ನು ಜೋಡಿಸುವುದು ಮಾತ್ರ ಎಂದು ಭಾವಿಸುವುದುಂಟು. ಸಿನಿಮಾದಲ್ಲಿ ಅದರ ವ್ಯಾಪ್ತಿ ದೊಡ್ಡದು: ಯಾರು, ಎಲ್ಲಿ, ಯಾವ ವಸ್ತುವನ್ನು ಹಿಡಿದು, ಕ್ಯಾಮೆರಾದಿಂದ ಎಷ್ಟು ದೂರದಲ್ಲಿ ಕುಣಿಯಬೇಕೆಂಬ ತೀರ್ಮಾನಗಳೆಲ್ಲ ಅದರೊಳಗೆ ಬರುತ್ತವೆ.

ಕಥೆ ನಡೆಯುವುದು 1927ರಲ್ಲಿ, ಮೂಕಿ ಚಿತ್ರಗಳು ಹಿಂದೆ ಸರಿದು ಟಾಕಿ ಚಿತ್ರಗಳು ಬರತೊಡಗಿದ ಹೊತ್ತಿನಲ್ಲಿ. ಡಾನ್ ಲಾಕ್‌ವುಡ್ ಮತ್ತು ಲೀನಾ ಲಾಮಾಂಟ್ ಮೂಕಿ ಯುಗದ ಜನಪ್ರಿಯ ಜೋಡಿ. ಲೀನಾಳ ರೂಪ ಎಷ್ಟು ಸೊಗಸೋ ದನಿ ಅಷ್ಟೇ ಕರ್ಕಶ. ಅವರ ಮೊದಲ ಟಾಕಿ ಚಿತ್ರದ ಮುನ್ಪ್ರದರ್ಶನದಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ಅದನ್ನು ಹಾಡು ಕುಣಿತದ ಚಿತ್ರವಾಗಿ ಬದಲಿಸಿ, ಲೀನಾಳ ಬದಲು ಕ್ಯಾಥಿ ಸೆಲ್ಡನ್ ಎಂಬ ಯುವತಿಯಿಂದ ತೆರೆಮರೆಯಲ್ಲಿ ಮಾತಾಡಿಸಿ ಹಾಡಿಸುವ ಉಪಾಯವನ್ನು ಡಾನ್, ಕ್ಯಾಥಿ ಮತ್ತು ಡಾನ್‌ನ ಗೆಳೆಯ ಕಾಸ್ಮೊ ಹೂಡುತ್ತಾರೆ. ಭಾರತದಲ್ಲಿ ಟಾಕಿ 1931ರಲ್ಲಿ, ಕನ್ನಡದಲ್ಲಿ 1934ರಲ್ಲಿ ಬಂದುದನ್ನು ನೆನೆದರೆ ಈ ಗಲಿಬಿಲಿಯ ಕಾಲ ನಮಗೂ ತೀರ ದೂರದ್ದಲ್ಲ.

ಇಲ್ಲಿನ ಬಹುಪಾಲು ಹಾಡುಗಳು ಈ ಕಥೆಗಾಗಿ ಬರೆದವಲ್ಲ ಎಂಬುದು ಮುಖ್ಯವಾದ ಸಂಗತಿ. ನಿರ್ಮಾಪಕ ಆರ್ಥರ್ ಫ್ರೀಡ್ ಮೂಲತಃ ಗೀತರಚನಕಾರ. ಸಂಗೀತ ಸಂಯೋಜಕ ನೇಸಿಯೊ ಹರ್ಬ್ ಬ್ರೌನ್ ಜೊತೆಗೂಡಿ ತಾನು 1920ರ ದಶಕದ ಕೊನೆಯಿಂದ ಬರೆದಿದ್ದ ಹಾಡುಗಳನ್ನು ಬಳಸಿಕೊಂಡು ಚಿತ್ರವೊಂದನ್ನು ಮಾಡಬೇಕೆಂಬುದು ಅವರ ಬಯಕೆಯಾಗಿತ್ತು. ಆ ಹಾಡುಗಳಿಗೆ ಹೊಂದುವ ಕಥೆಯನ್ನು ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಹೆಣೆದರು. ಶೀರ್ಷಿಕೆ ಗೀತೆ 1929ರ ಚಿತ್ರವೊಂದರಲ್ಲೇ ಬಂದು ಹೋಗಿತ್ತು. ಆದುದರಿಂದ ಹಳೆಯ ಹಾಡೊಂದು ಈ ಪಾತ್ರದ ಬಾಯಿಂದ, ಈ ಗಳಿಗೆಯಲ್ಲೇ ಹುಟ್ಟಿತೆಂದು ನೋಡುಗರನ್ನು ನಂಬಿಸುವ ಹೊಣೆ ನೃತ್ಯ ಸಂಯೋಜನೆಯ ಮೇಲೆ ಬಿತ್ತು.

ಮಾತು ಮುಗಿದು ಕುಣಿತ ಶುರುವಾಗುವ ತೊಡಕು

ಹಾಡು ಕುಣಿತವುಳ್ಳ ಯಾವ ಚಿತ್ರಕ್ಕೂ ತಪ್ಪದ ತೊಡಕೊಂದಿದೆ. ಅಲ್ಲಿಯವರೆಗೆ ಸಾಮಾನ್ಯ ಮನುಷ್ಯನಂತೆ ಮಾತಾಡುತ್ತಿದ್ದ ಪಾತ್ರ ಏಕಾಏಕಿ ಕುಣಿಯತೊಡಗಿದರೆ ಅದು ಕೃತಕವೆನಿಸುತ್ತದೆ. ಭಾರತೀಯ ಚಿತ್ರಗಳು ಈ ತೊಡಕನ್ನು ಬೇರೆ ರೀತಿಯಲ್ಲಿ ದಾಟಿವೆ. ಹಾಡು ಬಂತೆಂದರೆ ಊರೂ ಉಡುಪೂ ಬದಲಾಗಬಹುದು ಎಂಬ ಒಪ್ಪಂದ ಚಿತ್ರಕ್ಕೂ ನಮಗೂ ನಡುವೆ ಮೊದಲೇ ಆಗಿಬಿಟ್ಟಿದೆ. ಕೆಲ್ಲಿ ಮತ್ತು ಡೋನನ್ ಆಯ್ದುಕೊಂಡ ದಾರಿಯಲ್ಲಿ ಪಾತ್ರ ನಿಂತ ಜಾಗ, ತೊಟ್ಟ ಬಟ್ಟೆ, ಕೈಯಲ್ಲಿದ್ದ ವಸ್ತು ಯಾವುದೂ ಬದಲಾಗುವುದಿಲ್ಲ. ದಿನನಿತ್ಯದ ಚಲನೆಯೇ ಸ್ವಲ್ಪ ಸ್ವಲ್ಪವಾಗಿ ಲಯಕ್ಕೆ ಹೊರಳುತ್ತದೆ. ನಡಿಗೆ ಯಾವ ಹೆಜ್ಜೆಯಲ್ಲಿ ಕುಣಿತವಾಯಿತೆಂದು ಬೆರಳಿಟ್ಟು ತೋರಿಸಲು ನೋಡುಗನಿಗೆ ಆಗಬಾರದು. ಈ ಚಿತ್ರದ ನೃತ್ಯಗಳ ಸೆಳೆತ ಬಹುಪಾಲು ಆ ಹೊರಳುವಿಕೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

‘ಗುಡ್ ಮಾರ್ನಿಂಗ್’ ಹಾಡನ್ನು ನೋಡಿ. ಸೋತ ಮುನ್ಪ್ರದರ್ಶನದ ರಾತ್ರಿ ಮೂವರು ಗೆಳೆಯರು ಡಾನ್‌ನ ಮನೆಯಲ್ಲಿ ಕುಳಿತು ಮಾತಾಡುತ್ತಿರುತ್ತಾರೆ. ಉಪಾಯ ಹೊಳೆದ ಉತ್ಸಾಹದಲ್ಲಿ ಹೊತ್ತು ನೋಡಿದರೆ ನಡುರಾತ್ರಿ ಕಳೆದಿದೆ, ಅಂದರೆ ಬೆಳಗಾದಂತೆಯೇ ಲೆಕ್ಕ. ಶುಭೋದಯ ಹೇಳುವ ಮಾತೇ ಹಾಡಾಗುತ್ತದೆ, ಕೋಣೆಯಿಂದ ಕೋಣೆಗೆ ಹೋಗುವ ಓಡಾಟವೇ ಸಾಲುನೃತ್ಯವಾಗುತ್ತದೆ, ಅಲ್ಲೇ ಇದ್ದ ಮಳೆಯಂಗಿಗಳು ವೇಷವೂ ಆಗುತ್ತವೆ ಜೊತೆಗಾರರೂ ಆಗುತ್ತವೆ. ಕೊನೆಯಲ್ಲಿ ಮೂವರೂ ಸೋಫಾದ ಮೇಲೆ ಹತ್ತಿ, ಅದನ್ನು ಉರುಳಿಸಿ, ದಣಿದು ನಗುತ್ತಾ ಒರಗಿದಾಗ ಕುಣಿತ ಮತ್ತೆ ಮಾತಿಗೆ ಇಳಿಯುತ್ತದೆ.

ಇದಕ್ಕೆ ಎದುರಾದ ವಿಧಾನವನ್ನು ‘ಯೂ ವರ್ ಮೆಂಟ್ ಫಾರ್ ಮಿ’ ಹಾಡಿನಲ್ಲಿ ಕಾಣಬಹುದು. ಕ್ಯಾಥಿಗೆ ಪ್ರೀತಿಯ ಮಾತು ಹೇಳಬೇಕೆಂದರೆ ತನಗೆ ತಕ್ಕ ಸೆಟ್ ಬೇಕೆಂದು ನಟನಾದ ಡಾನ್ ಹೇಳುತ್ತಾನೆ. ಅವಳನ್ನು ಖಾಲಿ ಸ್ಟುಡಿಯೊಗೆ ಕರೆದೊಯ್ದು, ಏಣಿಯ ಮೇಲೆ ನಿಲ್ಲಿಸಿ, ಬಣ್ಣದ ದೀಪಗಳನ್ನು ಒಂದೊಂದಾಗಿ ಹೊತ್ತಿಸಿ, ಫ್ಯಾನು ಹಾಕಿ ತಂಗಾಳಿ ಬೀಸುವಂತೆ ಮಾಡುತ್ತಾನೆ. ಯಂತ್ರಗಳೆಲ್ಲ ನಮ್ಮ ಕಣ್ಣೆದುರಿಗೇ ಇವೆ, ಮೋಸವೇನೂ ಇಲ್ಲ. ಆಮೇಲೆ ನಡೆಯುವ ಮೆಲುನಡೆಯ ಜೋಡಿನೃತ್ಯವನ್ನು ನಾವು ನಂಬಿಯೂಬಿಡುತ್ತೇವೆ.

ಮಳೆಯ ಬೀದಿಯ ನಾಲ್ಕು ನಿಮಿಷ

ಶೀರ್ಷಿಕೆ ಗೀತೆಯಲ್ಲಿ ಈ ಹೊರಳುವಿಕೆ ಅತ್ಯಂತ ಎಚ್ಚರದಿಂದ ರೂಪುಗೊಂಡಿದೆ. ಕ್ಯಾಥಿಯನ್ನು ಮನೆ ಬಾಗಿಲಿಗೆ ಬಿಟ್ಟು, ಮುತ್ತಿಟ್ಟು ಬೀಳ್ಕೊಟ್ಟ ಡಾನ್ ಕಾಯುತ್ತಿದ್ದ ಕಾರನ್ನು ಕೈಬೀಸಿ ಕಳಿಸಿಬಿಡುತ್ತಾನೆ. ನಂತರ ಸುಮ್ಮನೆ ನಡೆಯುತ್ತಾನೆ. ಹಾಡು ಇನ್ನೂ ಶುರುವಾಗಿಲ್ಲ, ಬಾಯಲ್ಲಿ ಅರ್ಥವಿಲ್ಲದ ಗುನುಗು ಮಾತ್ರ ಇದೆ. ಮೂಲ ಗೀತೆಯಲ್ಲಿಲ್ಲದ ಈ ಗುನುಗನ್ನು ಸೂಚಿಸಿದವರು ಸಂಗೀತ ವಿಭಾಗದ ರೋಜರ್ ಈಡನ್ಸ್. ನಡಿಗೆಗೂ ಹಾಡಿಗೂ ನಡುವೆ ಬೇಕಿದ್ದ ಸೇತುವೆ ಅದರಿಂದ ಸಿಕ್ಕಿತು. ಡಾನ್ ಕೊಡೆಯನ್ನು ಮಡಚುತ್ತಾನೆ, ನೆನೆದರೆ ನೆನೆಯಲಿ ಎಂಬಂತೆ ಹೆಗಲು ಕುಣಿಸುತ್ತಾನೆ, ದೀಪದ ಕಂಬದ ಬುಡಕ್ಕೆ ಜಿಗಿದು ಒಂದು ಕೈಯಲ್ಲಿ ನೇತಾಡುತ್ತಾನೆ. ಇಷ್ಟರವರೆಗೆ ತರಬೇತಿ ಪಡೆದ ನೃತ್ಯದ ಹೆಜ್ಜೆ ಎಂಬುದು ಒಂದೂ ಬಂದಿಲ್ಲ. ಸಂತೋಷಗೊಂಡ ಯಾರಾದರೂ ಮಾಡಬಹುದಾದ ಚೇಷ್ಟೆಗಳಿವು.

ಮುಂದೆ ಚಲನೆಯ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೊಡೆ ಮೊದಲು ಗಿಟಾರಾಗುತ್ತದೆ, ಆಮೇಲೆ ಜೊತೆಗಾತಿ, ಕಬ್ಬಿಣದ ಕಂಬಿಗಳ ಸಾಲಿನ ಮೇಲೆ ಎಳೆದಾಗ ತಾಳದ ಕೋಲು. ಅಂಗಡಿಯ ಗಾಜಿನೊಳಗಿನ ಜಾಹೀರಾತಿನ ಹೆಣ್ಣಿಗೆ ಅವನು ಹ್ಯಾಟು ತೆಗೆದು ವಂದಿಸುತ್ತಾನೆ, ಮಾಡಿನ ಕೊಳವೆಯಿಂದ ಧುಮುಕುವ ನೀರಿಗೆ ಮುಖ ಒಡ್ಡುತ್ತಾನೆ. ಸಂಗೀತ ತುಂಬಿ ಬಂದಾಗ ಬೀದಿಯ ನಡುವಿಗೆ ಬಂದು, ಬಿಚ್ಚಿದ ಕೊಡೆಯನ್ನು ಕೈಚಾಚಿ ಹಿಡಿದು ದೊಡ್ಡ ಸುತ್ತು ಹಾಕುತ್ತಾನೆ. ಆಗ ಕ್ಯಾಮೆರಾ ಕ್ರೇನಿನ ಮೇಲೆ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಹಾಡಿನ ಶಿಖರ ಅದು.

ಅದರ ಬೆನ್ನಿಗೇ ಬರುವ ಭಾಗದಲ್ಲಿ ಕೆಲ್ಲಿಯ ಜಾಣತನ ಇನ್ನೂ ಚೆನ್ನಾಗಿ ಕಾಣುತ್ತದೆ. ಶಿಖರದ ನಂತರ ಇನ್ನೂ ಕಷ್ಟದ ಹೆಜ್ಜೆಗಳನ್ನು ತರುವ ಬದಲು ಅವರು ಮಗುವಿನ ಆಟಕ್ಕೆ ಇಳಿಯುತ್ತಾರೆ. ಒಂದು ಕಾಲು ಕಾಲುದಾರಿಯ ಅಂಚಿನ ಮೇಲೆ, ಇನ್ನೊಂದು ಕೆಳಗಿನ ಚರಂಡಿ ನೀರಿನಲ್ಲಿ. ಆಮೇಲೆ ಹೊಂಡದೊಳಗೆ ನಿಂತು ಎರಡೂ ಕಾಲಲ್ಲಿ ಚಟಪಟನೆ ತುಳಿತ. ಅಷ್ಟರಲ್ಲಿ ಪೊಲೀಸನೊಬ್ಬ ಬಂದು ಮಾತಿಲ್ಲದೆ ದಿಟ್ಟಿಸುತ್ತಾನೆ. ಸಿಕ್ಕಿಬಿದ್ದ ಹುಡುಗನಂತೆ ಡಾನ್ ಕಾಲುದಾರಿಗೆ ಹತ್ತಿ, ಹಾಡಿನ ಕೊನೆಯ ಸಾಲನ್ನೇ ಪೊಲೀಸನಿಗೆ ಸಮಜಾಯಿಷಿಯಾಗಿ ಒಪ್ಪಿಸಿ ನಡೆಯತೊಡಗುತ್ತಾನೆ. ಎದುರಾದ ದಾರಿಹೋಕನಿಗೆ ಕೊಡೆಯನ್ನು ಕೊಟ್ಟುಬಿಡುತ್ತಾನೆ. ನಡಿಗೆಯಿಂದ ಹುಟ್ಟಿದ ಕುಣಿತ ಹೀಗೆ ನಡಿಗೆಯಲ್ಲೇ ಕರಗುವುದರಿಂದ ಆರಂಭವೂ ಮುಕ್ತಾಯವೂ ಕಥೆಯೊಳಗೇ ಉಳಿಯುತ್ತವೆ.

ಮಳೆಯೂ ಇಲ್ಲಿ ಸಂಯೋಜನೆಯ ಭಾಗವೇ. ಸ್ಟುಡಿಯೊದ ಆವರಣದಲ್ಲಿದ್ದ ಸೆಟ್ ಬೀದಿಯ ಮೇಲೆ ಕಪ್ಪು ಟಾರ್ಪಾಲಿನ್ ಹೊದಿಸಿ, ಹಗಲನ್ನೇ ರಾತ್ರಿಯಾಗಿಸಿ, ಕೊಳವೆಗಳಿಂದ ನೀರು ಸುರಿಸಲಾಯಿತು. ನೀರಿನ ಹೊಂಡಗಳು ತಾವಾಗಿ ಆದವಲ್ಲ; ಯಾವ ತಾಳಕ್ಕೆ ಎಲ್ಲಿ ನೀರು ಚಿಮ್ಮಬೇಕೋ ಅಲ್ಲಿ ನೆಲವನ್ನು ಅಗೆದು ಮಾಡಿದ್ದವು. ಮಳೆ ಚೆನ್ನಾಗಿ ಕಾಣಲೆಂದು ನೀರಿಗೆ ಹಾಲು ಬೆರೆಸಿದ್ದರು ಎಂಬ ಕಥೆಯೊಂದು ಪ್ರಚಾರದಲ್ಲಿದೆ, ಅದು ಸುಳ್ಳು. ನೀರಿನ ಹನಿ ಪಾರದರ್ಶಕವಾದುದರಿಂದ ಎದುರಿನಿಂದ ಬೆಳಕು ಬಿಟ್ಟರೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ, ಹಿಂದಿನಿಂದ ಬಿಟ್ಟರೆ ಪ್ರತಿ ಹನಿಯೂ ಹೊಳೆಯುತ್ತದೆ. ಛಾಯಾಗ್ರಾಹಕ ಹೆರಾಲ್ಡ್ ರೋಸನ್ ಮಾಡಿದ್ದು ಇದನ್ನೇ.

ಕಾಲೇ ವಾದ್ಯವಾಗುವ ಟ್ಯಾಪ್

ಚಿತ್ರದ ಬಹುಪಾಲು ಕುಣಿತದ ತಳಹದಿ ಟ್ಯಾಪ್ ನೃತ್ಯ. ಬೂಟಿನ ಅಡಿಯಲ್ಲಿ ಮುಂಗಾಲಿನ ಕೆಳಗೊಂದು, ಹಿಮ್ಮಡಿಯ ಕೆಳಗೊಂದು ಲೋಹದ ತಗಡನ್ನು ಕೂರಿಸಿ, ಗಟ್ಟಿ ನೆಲದ ಮೇಲೆ ಅವುಗಳಿಂದ ನಾದ ಹೊರಡಿಸುವ ಕಲೆ ಇದು. ಆಫ್ರಿಕಾ ಮೂಲದ ಅಮೆರಿಕನ್ನರ ಲಯಪ್ರಧಾನ ಕುಣಿತಗಳೂ ಐರ್ಲೆಂಡ್ ಮತ್ತು ಇಂಗ್ಲೆಂಡಿನಿಂದ ವಲಸೆ ಬಂದವರ ಹೆಜ್ಜೆಗಾರಿಕೆಯೂ ಅಮೆರಿಕದಲ್ಲಿ ಬೆರೆತು ಹತ್ತೊಂಬತ್ತನೆಯ ಶತಮಾನದಲ್ಲಿ ಇದು ರೂಪ ಪಡೆಯಿತು. ಬಿಲ್ ರಾಬಿನ್‌ಸನ್, ನಿಕೊಲಸ್ ಸಹೋದರರಂಥ ಕರಿಯ ಕಲಾವಿದರು ಇದನ್ನು ಎತ್ತರಕ್ಕೆ ಒಯ್ದರು. ನಿಕೊಲಸ್ ಸಹೋದರರೊಂದಿಗೆ ಕೆಲ್ಲಿ 1948ರ ಚಿತ್ರವೊಂದರಲ್ಲಿ ಕುಣಿದಿದ್ದರು.

ಭರತನಾಟ್ಯ ಬಲ್ಲ ಓದುಗರಿಗೆ ಗೆಜ್ಜೆ ನೆನಪಾಗುವುದು ಸಹಜ. ಆದರೆ ಗೆಜ್ಜೆಯ ದನಿ ಹೆಜ್ಜೆಯ ಜೊತೆಗೆ ಒಟ್ಟಾಗಿ ಏಳುತ್ತದೆ. ಟ್ಯಾಪ್‌ನಲ್ಲಿ ಮುಂಗಾಲು, ಹಿಮ್ಮಡಿಗಳ ನಾದ ಬೇರೆ ಬೇರೆಯಾಗಿ ಕೇಳುವುದರಿಂದ ಅದು ಮೃದಂಗದ ಎರಡು ಮುಖಗಳನ್ನು ನುಡಿಸುವುದಕ್ಕೆ ಹೆಚ್ಚು ಹತ್ತಿರ. ಹಾಡಿನ ಮಾತು ನಿಂತರೂ ಕಾಲುಗಳು ಮಾತು ಮುಂದುವರಿಸಬಹುದು.

ಈ ಗುಣವನ್ನು ‘ಮೋಸೆಸ್ ಸಪೋಸಸ್’ ಹಾಡು ಪೂರ್ತಿಯಾಗಿ ಬಳಸಿಕೊಂಡಿದೆ. ಟಾಕಿ ಬಂದಮೇಲೆ ನಟರಿಗೆ ಉಚ್ಚಾರಣೆ ಕಲಿಸಲು ಸ್ಟುಡಿಯೊ ಮೇಷ್ಟರನ್ನು ನೇಮಿಸುತ್ತದೆ. ಅವರು ನಾಲಿಗೆ ಹೊರಳಿಸುವ ಪದ್ಯವೊಂದನ್ನು ಹೇಳಿಕೊಡುತ್ತಾರೆ. ಡಾನ್ ಮತ್ತು ಕಾಸ್ಮೊ ಅದನ್ನೇ ಹಿಡಿದುಕೊಂಡು, ಪದ್ಯದ ಲಯವನ್ನು ನಾಲಿಗೆಯಿಂದ ಕಾಲಿಗೆ ಇಳಿಸಿ, ಕುರ್ಚಿ ಮೇಜುಗಳ ಮೇಲೆಲ್ಲ ಕುಣಿದು, ಕಡೆಗೆ ಕೋಣೆಯ ಸಾಮಾನುಗಳನ್ನೆಲ್ಲ ಮೇಷ್ಟರ ಮೇಲೆಯೇ ಪೇರಿಸುತ್ತಾರೆ. ಅರ್ಥವಿಲ್ಲದ ಪಾಠಕ್ಕೆ ಅರ್ಥವಿಲ್ಲದ ಸಂತೋಷದ ಉತ್ತರ ಅದು. ಕೆಲ್ಲಿಯೂ ಕಾಸ್ಮೊ ಪಾತ್ರದ ಡಾನಲ್ಡ್ ಓಕಾನರ್ ಕೂಡ ಒಂದೇ ಪಟ್ಟನ್ನು ಒಟ್ಟಿಗೆ ಹಾಕುವುದನ್ನು ನೋಡುವಾಗ, ಕೆಲ್ಲಿಯ ಮಂಡಿ ಮಡಿಚಿದ, ನೆಲಕ್ಕೆ ಹತ್ತಿರವಾದ ಗಟ್ಟಿ ನಿಲುವನ್ನೂ ಓಕಾನರ್‌ನ ಸಡಿಲ ಮೈಯನ್ನೂ ಹೋಲಿಸಬಹುದು. ತಾಳ ಒಂದೇ, ಮೈಯ ಭಾಷೆ ಎರಡು.

ಕ್ಯಾಮೆರಾ ಎಲ್ಲಿ ನಿಲ್ಲಬೇಕು

ರಂಗದ ಮೇಲಿನ ನೃತ್ಯಕ್ಕೆ ಆಳ, ಅಗಲ, ಎತ್ತರ ಮೂರೂ ಇವೆ; ಪರದೆ ಚಪ್ಪಟೆ. ಕುಣಿಯುವವನು ನಮ್ಮತ್ತ ನುಗ್ಗಿ ಬಂದಾಗ ರಂಗಮಂದಿರದಲ್ಲಿ ಆಗುವ ರೋಮಾಂಚನ ಪರದೆಯ ಮೇಲೆ ತಾನಾಗಿ ಆಗುವುದಿಲ್ಲ. ಇದಕ್ಕೆ 1930ರ ದಶಕದಲ್ಲಿ ಹಾಲಿವುಡ್‌ನ ನಟ, ನರ್ತಕ ಫ್ರೆಡ್ ಆಸ್ಟೇರ್ ಕಂಡುಕೊಂಡ ಉತ್ತರ ಸರಳವಾಗಿತ್ತು: ತಲೆಯಿಂದ ಕಾಲಿನವರೆಗೆ ಇಡೀ ದೇಹ ಕಾಣಬೇಕು, ಆದಷ್ಟೂ ಕಡಿಮೆ ಕತ್ತರಿಸಬೇಕು, ಕ್ಯಾಮೆರಾ ತನ್ನತ್ತ ಗಮನ ಸೆಳೆಯಬಾರದು. ಕೆಲ್ಲಿ ಇದರಲ್ಲಿ ಮೊದಲೆರಡು ನಿಯಮಗಳನ್ನು ಬಹುಮಟ್ಟಿಗೆ ಉಳಿಸಿಕೊಂಡು ಮೂರನೆಯದನ್ನು ಬದಲಿಸಿದರು. ಕುಣಿಯುವವನು ಮುಂದೆ ಬಂದರೆ ಕ್ಯಾಮೆರಾ ಹಿಂದೆ ಸರಿಯಬೇಕು, ಅವನು ಸುತ್ತಿದರೆ ಅದೂ ತೇಲಬೇಕು. ಹಾಗೆ ಮಾಡಿದರೆ ಪರದೆಯಲ್ಲಿ ಕಳೆದುಹೋದ ಆಳ ಸ್ವಲ್ಪಮಟ್ಟಿಗಾದರೂ ಮರಳಿ ಸಿಗುತ್ತದೆ.

ಇಂದಿನ ಹಾಡುಗಳಲ್ಲಿ ಒಂದೊಂದು ತಾಳಕ್ಕೂ ಒಂದೊಂದು ದೃಶ್ಯ ಬದಲಾಗುವುದಿದೆ. ಹಾಗೆ ಕತ್ತರಿಸಿದಾಗ ವೇಗ ಸಂಕಲನದ ಮೇಜಿನಿಂದ ಬರುತ್ತದೆ, ಕುಣಿಯುವವನ ಕಾಲಿನಿಂದಲ್ಲ. ಮಳೆಯ ಹಾಡಿನಲ್ಲಿ ದೃಶ್ಯಗಳು ದೀರ್ಘವಾಗಿರುವುದರಿಂದ ಕೆಲ್ಲಿ ನಿಜವಾಗಿಯೂ ಆ ಬೀದಿಯುದ್ದಕ್ಕೂ ಕುಣಿದುಕೊಂಡು ಬಂದರೆಂಬುದಕ್ಕೆ ನಮ್ಮ ಕಣ್ಣೇ ಸಾಕ್ಷಿ.

ನಗು ಹುಟ್ಟುವ ಬಗೆ

ಹಾಸ್ಯಕ್ಕಾಗಿ ಈ ಚಿತ್ರ ಬಳಸುವ ಮುಖ್ಯ ತಂತ್ರವೆಂದರೆ ಕಿವಿಗೆ ಒಂದನ್ನು ಹೇಳಿ ಕಣ್ಣಿಗೆ ಇನ್ನೊಂದನ್ನು ತೋರಿಸುವುದು. ಆರಂಭದಲ್ಲಿ ಡಾನ್ ರೇಡಿಯೊ ಸಂದರ್ಶನದಲ್ಲಿ ತನ್ನ ಬಾಲ್ಯವನ್ನೂ ಕಲಾಜೀವನವನ್ನೂ ಬಣ್ಣಿಸುತ್ತಾ ಘನತೆಯನ್ನು ಎಂದೂ ಬಿಟ್ಟುಕೊಟ್ಟಿಲ್ಲವೆಂದು ಹೇಳುತ್ತಾನೆ. ಅದೇ ಹೊತ್ತಿಗೆ ಪರದೆಯ ಮೇಲೆ ಅವನೂ ಕಾಸ್ಮೊನೂ ಅಗ್ಗದ ನಾಟಕಶಾಲೆಗಳಲ್ಲಿ ಪಿಟೀಲು ಹಿಡಿದು ಕೋಡಂಗಿಗಳಂತೆ ಕುಣಿದು ಪ್ರೇಕ್ಷಕರಿಂದ ಬೈಸಿಕೊಳ್ಳುವುದು ಕಾಣುತ್ತದೆ. ತಾನು ಗಂಭೀರ ರಂಗನಟಿ ಎಂದು ಡಾನ್‌ನ ಮುಂದೆ ಜಂಬ ಕೊಚ್ಚಿದ ಕ್ಯಾಥಿ ಕೆಲವೇ ನಿಮಿಷಗಳಲ್ಲಿ ಪಾರ್ಟಿಯೊಂದರ ರಟ್ಟಿನ ಕೇಕಿನೊಳಗಿಂದ ಹೊರಬಂದು ಗುಂಪುನೃತ್ಯ ಮಾಡುತ್ತಾಳೆ. ಬಾಯಿ ಹೇಳಿದ ಸುಳ್ಳನ್ನು ಮೈ ಬಯಲು ಮಾಡುತ್ತದೆ. ದನಿಯೂ ದೇಹವೂ ಹೊಂದದ ಲೀನಾಳ ಕಥೆಗೆ ಈ ತಂತ್ರ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಶುದ್ಧ ದೈಹಿಕ ಹಾಸ್ಯಕ್ಕೆ ಓಕಾನರ್‌ನ ‘ಮೇಕ್ ಎಮ್ ಲಾಫ್’ ಮಾದರಿ. ಬೇಸರದಲ್ಲಿದ್ದ ಗೆಳೆಯನನ್ನು ನಗಿಸಲು ಕಾಸ್ಮೊ ಸ್ಟುಡಿಯೊದಲ್ಲಿ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆಯುತ್ತಾನೆ, ಹಲಗೆ ಹೊತ್ತು ಹೋಗುವವರ ನಡುವೆ ಸಿಕ್ಕಿಕೊಳ್ಳುತ್ತಾನೆ, ತಲೆಯಿಲ್ಲದ ಬೊಂಬೆಯ ಜೊತೆ ಸೋಫಾದ ಮೇಲೆ ಸರಸವಾಡುತ್ತಾನೆ. ಕೊನೆಯಲ್ಲಿ ಓಡಿಬಂದು ಗೋಡೆಯ ಮೇಲೆ ಹೆಜ್ಜೆಯಿಟ್ಟು ಹಿಂದಕ್ಕೆ ಲಾಗ ಹಾಕುತ್ತಾನೆ. ಎರಡನೆಯ ಗೋಡೆಯ ಮೇಲೂ ಅದೇ ಲಾಗ. ಮೂರನೆಯದಕ್ಕೆ ಓಡಿದಾಗ ಗೋಡೆಯನ್ನೇ ಒಡೆದುಕೊಂಡು ಆಚೆ ಹೋಗುತ್ತಾನೆ. ಎರಡು ಸಲ ನಡೆದದ್ದು ಮೂರನೆಯ ಸಲವೂ ನಡೆಯುತ್ತದೆಂಬ ನಿರೀಕ್ಷೆಯನ್ನು ಕಟ್ಟಿ, ಸರಿಯಾದ ಕ್ಷಣದಲ್ಲಿ ಕೆಡವುವ ಈ ಲೆಕ್ಕವೇ ಹಾಸ್ಯದ ತಾಳ. ಅಂಕೆ ತಪ್ಪಿದ ದೇಹದಂತೆ ಕಾಣಲು ಓಕಾನರ್‌ಗೆ ದೇಹದ ಮೇಲೆ ಅಸಾಧಾರಣವಾದ ಹಿಡಿತ ಬೇಕಾಗಿತ್ತು. ಸರ್ಕಸ್ಸು ಮತ್ತು ರಂಗವಿನೋದಗಳ ಕುಟುಂಬದಲ್ಲಿ ಬೆಳೆದ ಅವರಿಗೆ ಅದು ಬಾಲ್ಯದಿಂದಲೇ ರೂಢಿಯಾಗಿತ್ತು. ಈ ಹಾಡಿನ ರಾಗ ಕೋಲ್ ಪೋರ್ಟರ್ ಅವರ ಹಿಂದಿನ ಹಾಡೊಂದನ್ನು ಎದ್ದು ಕಾಣುವಷ್ಟು ಹೋಲುತ್ತದೆ. ಕುಣಿತಕ್ಕೆ ಮಾತ್ರ ಹೋಲಿಕೆ ಹುಡುಕುವುದು ಕಷ್ಟ.

ಸಲೀಸೆಂದು ಕಾಣುವುದರ ಹಿಂದೆ

ಕ್ಯಾಥಿಯ ಪಾತ್ರ ಮಾಡಿದ ಡೆಬ್ಬಿ ರೆನಾಲ್ಡ್ಸ್‌ಗೆ ಆಗ ಹತ್ತೊಂಬತ್ತು ವರ್ಷ. ಜಿಮ್ನಾಸ್ಟಿಕ್ಸ್ ಗೊತ್ತಿದ್ದ ಅವರಿಗೆ ನೃತ್ಯದ ಹಿನ್ನೆಲೆ ಇರಲಿಲ್ಲ. ನುರಿತ ಇಬ್ಬರು ಟ್ಯಾಪ್ ಕಲಾವಿದರ ಸಮಕ್ಕೆ ಕೆಲವೇ ತಿಂಗಳಲ್ಲಿ ಬರಬೇಕಾಗಿತ್ತು. ‘ಗುಡ್ ಮಾರ್ನಿಂಗ್’ ಚಿತ್ರೀಕರಣ ಬೆಳಗ್ಗೆಯಿಂದ ತಡರಾತ್ರಿಯವರೆಗೆ ನಡೆದು, ಮುಗಿಯುವಾಗ ಕಾಲಿನಿಂದ ರಕ್ತ ಬರುತ್ತಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮಳೆಯ ಹಾಡಿನ ಹೊತ್ತಿಗೆ ಕೆಲ್ಲಿಗೆ 103 ಡಿಗ್ರಿ ಫ್ಯಾರನ್‌ಹೀಟ್ ಜ್ವರವಿತ್ತು. ತೆರೆಯ ಮೇಲೆ ಇದರ ಸುಳಿವೂ ಇಲ್ಲ. ಸಂತೋಷವನ್ನು ತೋರಿಸುವ ನೃತ್ಯದಲ್ಲಿ ಶ್ರಮ ಕಂಡರೆ ಸಂತೋಷ ಸುಳ್ಳಾಗುತ್ತದೆ, ಆದ್ದರಿಂದ ಅಭ್ಯಾಸದ ಬಹುಭಾಗ ಶ್ರಮವನ್ನು ಅಳಿಸುವುದಕ್ಕೇ ಹೋಗುತ್ತದೆ.

ಶಬ್ದದ ವಿಷಯವೂ ಹಾಗೆಯೇ. ನಮ್ಮ ಚಿತ್ರಗಳಂತೆ ಇಲ್ಲಿಯೂ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದ ಜಾಗದಲ್ಲಿ ಅದನ್ನು ನುಡಿಸಿ, ಅದಕ್ಕೆ ತುಟಿಯನ್ನೂ ಕಾಲನ್ನೂ ಹೊಂದಿಸುತ್ತಿದ್ದರು. ಕಾಲಿನ ಟ್ಯಾಪ್ ನಾದವನ್ನು ಆಮೇಲೆ ಧ್ವನಿಮುದ್ರಣ ಕೋಣೆಯಲ್ಲಿ ಚಿತ್ರ ನೋಡುತ್ತಾ ಮತ್ತೆ ಕುಣಿದು ಸೇರಿಸುತ್ತಿದ್ದರು. ಸುರಿಯುವ ನೀರಿನ ಸದ್ದಿನ ನಡುವೆ ತಗಡಿನ ಸೂಕ್ಷ್ಮ ದನಿ ಹಿಡಿಯುವುದು ಆಗದ ಮಾತು. ಕಥೆಯಲ್ಲಿ ಲೀನಾಳಿಗೆ ದನಿ ಕೊಡುವವಳು ಕ್ಯಾಥಿ. ಆದರೆ ಆ ದೃಶ್ಯದ ‘ವುಡ್ ಯೂ’ ಹಾಡಿನಲ್ಲಿ ನಾವು ಕೇಳುವುದು ಬೆಟ್ಟಿ ನೋಯ್ಸ್ ಎಂಬ ಗಾಯಕಿಯ ಕಂಠವನ್ನು. ಮಾತಿನ ಭಾಗಕ್ಕೆ ದನಿ ಕೊಟ್ಟವರು ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರೇ, ಅವರ ಸಹಜ ದನಿ ಅಷ್ಟು ಇಂಪಾಗಿತ್ತು.

ಕಥೆಯಿಂದ ಹೊರಗೆ ನಿಂತ ಹದಿಮೂರು ನಿಮಿಷ

ಈವರೆಗೆ ವಿವರಿಸಿದ ನಿಯಮಕ್ಕೆ ಚಿತ್ರದಲ್ಲೇ ದೊಡ್ಡದೊಂದು ಅಪವಾದವಿದೆ. ‘ಬ್ರಾಡ್‌ವೇ ಮೆಲೊಡಿ’ ಎಂಬ ಸುಮಾರು ಹದಿಮೂರು ನಿಮಿಷಗಳ ನೃತ್ಯರೂಪಕಕ್ಕೆ ಮುಖ್ಯ ಕಥೆಯೊಂದಿಗೆ ಹೆಚ್ಚಿನ ನಂಟಿಲ್ಲ. ಹಳ್ಳಿಯಿಂದ ನ್ಯೂಯಾರ್ಕಿಗೆ ಬಂದ ಯುವಕನೊಬ್ಬ ಕುಣಿಯಲೇಬೇಕೆಂದು ಬಾಗಿಲು ಬಾಗಿಲು ತಟ್ಟುವ, ಮೇಲೇರುವ, ಒಬ್ಬಳಿಗೆ ಮನಸೋಲುವ ಕಥೆ ಅದರದು. ಹಿಂದಿನ ವರ್ಷ ಕೆಲ್ಲಿ ಇನ್ನೊಂದು ಚಿತ್ರದಲ್ಲಿ ಸಂಯೋಜಿಸಿದ್ದ ಸುದೀರ್ಘ ಬ್ಯಾಲೆ ಯಶಸ್ವಿಯಾಗಿದ್ದುದರಿಂದ ಇಲ್ಲಿಯೂ ಅಂಥದೊಂದು ಬೇಕೆನಿಸಿತು. ಕೆಲ್ಲಿಗೆ ಜೊತೆಯಾದವರು ಬ್ಯಾಲೆಯಲ್ಲಿ ಪಳಗಿದ ಸಿಡ್ ಚಾರಿಸ್. ಹಸಿರು ಉಡುಪಿನಲ್ಲಿ, ನೀಳವಾದ ಕಾಲಿನ ತುದಿಯಲ್ಲಿ ನಾಯಕನ ಹ್ಯಾಟನ್ನು ಏರಿಸಿಕೊಂಡು ಅವರು ಪ್ರವೇಶಿಸುವಾಗ ಚಿತ್ರದ ಹಗುರ ಹಾಸ್ಯ ಸರಿದು ಗಾಢವಾದ ಬೇರೊಂದು ಭಾವ ಆವರಿಸುತ್ತದೆ. ಮುಂದಿನ ಕನಸಿನ ದೃಶ್ಯದಲ್ಲಿ ಬಿಳಿಯ ಉದ್ದನೆಯ ರೇಷ್ಮೆ ಸೆರಗು ಯಂತ್ರದ ಗಾಳಿಗೆ ಅಂತರಿಕ್ಷದಲ್ಲಿ ಹಾರಾಡುತ್ತಾ ಮೂರನೆಯ ನರ್ತಕನಂತೆ ಚಲಿಸುತ್ತದೆ.

ಬಿಡಿಯಾಗಿ ನೋಡಿದರೆ ಇದು ಬೆರಗು ಹುಟ್ಟಿಸುವ ಕೆಲಸ. ಕಥೆಯ ಓಟದಲ್ಲಿ ನೋಡಿದಾಗ ಉದ್ದವಾಯಿತೆಂದು ಹೇಳುವವರಿದ್ದಾರೆ, ಆ ಮಾತನ್ನು ತಳ್ಳಿಹಾಕುವಂತಿಲ್ಲ. ನಡಿಗೆಯಿಂದ ಕುಣಿತಕ್ಕೆ ಹೊರಳುವ ದಾರಿ ಇಲ್ಲಿ ಇಲ್ಲ. ಹೊಸ ಚಿತ್ರಕ್ಕೆ ತಾನು ಯೋಚಿಸಿದ ದೃಶ್ಯವೆಂದು ಡಾನ್ ಸ್ಟುಡಿಯೊ ಮಾಲೀಕ ಸಿಂಪ್ಸನ್‌ಗೆ ವಿವರಿಸತೊಡಗುವುದೇ ಪ್ರವೇಶ. ಹದಿಮೂರು ನಿಮಿಷಗಳ ಬಣ್ಣ, ಬೆಳಕು, ನೂರಾರು ಹೆಜ್ಜೆಗಳು ಮುಗಿದು ನಾವು ಸಿಂಪ್ಸನ್‌ನ ಮುಂದೆ ಮರಳಿ ಬಂದಾಗ, ತನಗದು ಕಣ್ಣಿಗೆ ಕಟ್ಟುತ್ತಿಲ್ಲ, ಮೊದಲು ಪರದೆಯ ಮೇಲೆ ನೋಡಬೇಕು ಎಂದುಬಿಡುತ್ತಾನೆ ಆತ.